ಆಸ್ಪತ್ರೆಯ ಬಿಲ್ಲಿನಲ್ಲಿ ರೋಗಿಯ ಪಾಲು

(ಉಪನ್ಯಾಸದ ಬರಹ ರೂಪ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಹೊರದೇಶಕ್ಕೆ ಹೋದವರ ಮನೆಗಳಲ್ಲಿ ಒಂದು ಮಾತು ಸಾಮಾನ್ಯ: ‘ಅವನಿಗೇನು, ಇನ್ಶೂರೆನ್ಸ್ ಇದೆ.’ ಈ ಮಾತಿನಲ್ಲಿ ಸಮಾಧಾನವಿದೆ. ಆದರೆ ಅರ್ಧ ಸತ್ಯವಷ್ಟೇ ಇದೆ. ವಿಮೆ ಇರುವುದು ಒಂದು ಸಂಗತಿ, ಬಿಲ್ಲು ಬಂದಾಗ ಅದರಲ್ಲಿ ರೋಗಿಯ ಪಾಲು ಎಷ್ಟು ಎಂಬುದು ಇನ್ನೊಂದು ಸಂಗತಿ. ಎರಡನೆಯದನ್ನು ವಿಚಾರಿಸುವವರು ಕಡಿಮೆ. ವಿಚಾರಿಸದೆ ಹೋದ ತಪ್ಪಿಗೆ ಊರಿನ ಅಡಿಕೆ ತೋಟವೋ ಮೆಕ್ಕೆಜೋಳದ ಹೊಲವೋ ಅಡವಿಗೆ ಬೀಳಬಹುದು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯ ಭಾಗವಾಗಿದ್ದು ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಮೂರು ಕಡೆ ನದಿ, ಕೆರೆ, ಅಡಿಕೆ, ಭತ್ತ. ಜಗಳೂರಿನಲ್ಲಿ ಮಳೆಯನ್ನೇ ನೆಚ್ಚಿದ ಬೇಸಾಯ. ಈ ನೆಲದವರು ಹೊರದೇಶಕ್ಕೆ ಹೋಗುವುದು ಎಂಜಿನಿಯರಾಗಿ ಮಾತ್ರ ಎಂದು ತಿಳಿದವರಿಗೆ 2023ರ ಏಪ್ರಿಲ್ ಒಂದು ಪಾಠ ಕಲಿಸಿತು. ಆ ತಿಂಗಳ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಹೊತ್ತಿಕೊಂಡಾಗ, ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನ ಇದ್ದರು. ಹುಣಸೂರು ಮತ್ತು ಶಿವಮೊಗ್ಗ ಕಡೆಯವರ ಜೊತೆಗೆ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ ಮತ್ತು ಗೋಪನಾಳದವರೂ ಇದ್ದರು. ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಹೋದವರು ಅವರು. ಸರ್ಕಾರ ‘ಆಪರೇಷನ್ ಕಾವೇರಿ’ಯ ಮೂಲಕ ಭಾರತೀಯರನ್ನು ಅಲ್ಲಿಂದ ಕರೆತಂದಿತು.

ಆ ದಿನಗಳಲ್ಲಿ ಎಲ್ಲರೂ ಗುಂಡಿನ ಸದ್ದಿನ ಬಗ್ಗೆ ಮಾತಾಡಿದರು. ಸದ್ದಿಲ್ಲದ ಒಂದು ಪ್ರಶ್ನೆ ಹಾಗೇ ಉಳಿಯಿತು: ಇಷ್ಟು ದೂರ ಹೋದವರಿಗೆ ಅಲ್ಲಿ ಜ್ವರ ಬಂದರೆ, ಕಾಲು ಮುರಿದರೆ, ಖರ್ಚು ಯಾರದು?

ವಂತಿಗೆ ಮತ್ತು ಪಾಲು

ಖರ್ಚು ಹಂಚಿಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಊರ ಜಾತ್ರೆಗೆ, ಗುಡಿ ಕಟ್ಟುವುದಕ್ಕೆ ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ಹೊಲದ ಕೆಲಸಕ್ಕೆ ಮುಯ್ಯಾಳು ಕಳಿಸುತ್ತಾರೆ. ಇಂದು ಒಬ್ಬರ ಹೊಲಕ್ಕೆ ಬಂದವರು ನಾಳೆ ಅವರಿಂದ ಅಷ್ಟೇ ಕೆಲಸ ಪಡೆಯುತ್ತಾರೆ. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಕಾಲ ಬಂದಾಗ ತೀರಿಸುತ್ತಾರೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಶುರುವಾದ ಸಹಕಾರ ಸಂಘ ಇದೇ ಬುದ್ಧಿಗೆ ಕಾಯ್ದೆಯ ರೂಪ ಕೊಟ್ಟಿತು. ನೂರು ವರ್ಷ ತುಂಬುವ ಹೊತ್ತಿಗೆ ಆ ಸಹಕಾರದ ಬೇರಿನಿಂದಲೇ ‘ಯಶಸ್ವಿನಿ’ ಚಿಗುರಿತು. 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರು ಮೊದಲ ವರ್ಷ ಕಟ್ಟಿದ್ದು ತಲೆಗೆ 60 ರೂಪಾಯಿ. ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ‘ಆರೋಗ್ಯ ಕರ್ನಾಟಕ’ದೊಳಗೆ ಕರಗಿದ ಯಶಸ್ವಿನಿ, 2023ರ ಜನವರಿಯಿಂದ ಮತ್ತೆ ನಡೆಯತೊಡಗಿತು.

ವಂತಿಗೆ ಎಂದರೆ ಎಲ್ಲರೂ ಮುಂಚಿತವಾಗಿ ಕೊಡುವ ಹಣ. ವಿಮೆಯ ಭಾಷೆಯಲ್ಲಿ ಅದು ಕಂತು. ಕಷ್ಟ ಬಂದಾಗ ಕಷ್ಟ ಬಂದವನೇ ಕೊಡುವ ಹಣ ಬೇರೆ, ಅದು ಪಾಲು. ಯಶಸ್ವಿನಿಯಲ್ಲಿ ಪಟ್ಟಿಯಲ್ಲಿದ್ದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಲ್ಲಿ ದುಡ್ಡು ಎಣಿಸಬೇಕಾಗಿರಲಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಕಾಯಿಲೆಗೆ, ದಿನದಿನದ ಮಾತ್ರೆಗೆ ಪೂರ್ತಿ ಖರ್ಚು ರೋಗಿಯದೇ. ಹಾಗಾಗಿ ‘ಪಾಲು ಇಲ್ಲ’ ಎನ್ನುವ ಕಡೆಯೂ ಪಾಲು ಇರುತ್ತದೆ. ಅದು ಪಟ್ಟಿಯ ಹೊರಗೆ ಕುಳಿತಿರುತ್ತದೆ.

ರೋಗಿಗೇಕೆ ಪಾಲು?

ಕಂತು ಕಟ್ಟಿಸಿಕೊಂಡ ಮೇಲೂ ವಿಮೆಯವರು ರೋಗಿಯಿಂದ ಮತ್ತೆ ಏಕೆ ಕೇಳುತ್ತಾರೆ? ಅವರ ವಾದ ಸರಳ. ಪುಕ್ಕಟೆ ಎಂದಾದರೆ ಸಣ್ಣ ನೆಗಡಿಗೂ ಜನ ಆಸ್ಪತ್ರೆಗೆ ಓಡುತ್ತಾರೆ, ವೈದ್ಯರೂ ಬೇಡದ ಪರೀಕ್ಷೆ ಬರೆಯುತ್ತಾರೆ, ಕೊನೆಗೆ ಎಲ್ಲರ ಕಂತೂ ಏರುತ್ತದೆ. 1963ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಬರೆದ ಪ್ರಬಂಧವೊಂದರಿಂದ ಈ ಚರ್ಚೆ ವಿದ್ವತ್ ವಲಯದಲ್ಲಿ ಬಲವಾಗಿ ಬೆಳೆಯಿತು.

ವಾದವನ್ನು ಪರೀಕ್ಷಿಸಿ ನೋಡಿದ್ದೂ ಉಂಟು. ರ‍್ಯಾಂಡ್ ಎಂಬ ಅಮೆರಿಕದ ಸಂಸ್ಥೆ 1974ರಿಂದ 1982ರವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬೇರೆ ಬೇರೆ ವಿಮೆಗಳಲ್ಲಿ ಇರಿಸಿತು. ಕೆಲವರಿಗೆ ಚಿಕಿತ್ಸೆ ಪೂರ್ತಿ ಉಚಿತ. ಉಳಿದವರಿಗೆ ಖರ್ಚಿನ ಶೇ 25, ಶೇ 50 ಅಥವಾ ಶೇ 95 ಪಾಲು. ಪಾಲು ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು, ನಿಜ. ಆದರೆ ಅವರು ಬೇಡದ ಚಿಕಿತ್ಸೆಯನ್ನಷ್ಟೇ ಬಿಡಲಿಲ್ಲ; ಬೇಕಾದದ್ದನ್ನೂ ಅಷ್ಟೇ ಬಿಟ್ಟರು. ಬಹುಪಾಲು ಜನರ ಆರೋಗ್ಯಕ್ಕೆ ಇದರಿಂದ ಹೆಚ್ಚು ತೊಂದರೆಯಾಗಲಿಲ್ಲ. ಬಡವರೂ ಮೊದಲೇ ಕಾಯಿಲೆಯವರೂ ಆಗಿದ್ದವರಲ್ಲಿ ಮಾತ್ರ, ಉಚಿತ ಚಿಕಿತ್ಸೆ ಪಡೆದವರ ರಕ್ತದೊತ್ತಡ ಹೆಚ್ಚು ಹತೋಟಿಯಲ್ಲಿತ್ತು. ಅಂದರೆ ಪಾಲಿನ ಭಾರ ಎಲ್ಲರ ಹೆಗಲಿಗೂ ಒಂದೇ ತೂಕವಲ್ಲ.

ಈ ಪ್ರಯೋಗದಲ್ಲಿ ಮರೆಯಬಾರದ ಇನ್ನೊಂದು ಅಂಶವಿದೆ. ಶೇ 95 ಪಾಲು ಎಂದು ಹೇಳಿದರೂ, ಯಾವ ಕುಟುಂಬವೂ ವರ್ಷಕ್ಕೆ ತನ್ನ ಆದಾಯದ ಇಂತಿಷ್ಟು ಭಾಗಕ್ಕಿಂತ ಹೆಚ್ಚು ಕೊಡಬೇಕಾಗಿರಲಿಲ್ಲ. ಎಷ್ಟೇ ಆದಾಯವಿರಲಿ, 1,000 ಡಾಲರಿಗೆ ಅದು ನಿಲ್ಲುತ್ತಿತ್ತು. ಈ ಮಿತಿಯೇ ಇಂದಿನ ಮಾತಿನ ತಿರುಳು.

ಮೂರು ಬಗೆಯ ಪಾಲು

ಹೊರದೇಶದ ಪಾಲಿಸಿಯಲ್ಲಿ ರೋಗಿಯ ಪಾಲು ಮೂರು ಹೆಸರಿನಲ್ಲಿ ಬರುತ್ತದೆ. ಮೊದಲನೆಯದು ಡಿಡಕ್ಟಿಬಲ್. ವರ್ಷದ ಮೊದಲ ಇಂತಿಷ್ಟು ಖರ್ಚು ಪೂರ್ತಿ ರೋಗಿಯದು. ಅದು ಮುಗಿದ ಮೇಲೆಯೇ ವಿಮೆ ಬಾಗಿಲು ತೆರೆಯುತ್ತದೆ. ಎರಡನೆಯದು ಕೋ-ಪೇ. ವೈದ್ಯರನ್ನು ಕಂಡಾಗಲೆಲ್ಲ ಕೊಡುವ ಗೊತ್ತಾದ ಮೊತ್ತ, ಬಸ್ ಟಿಕೆಟ್ ಇದ್ದಂತೆ. ಮೂರನೆಯದು ಕೋ-ಇನ್ಶೂರೆನ್ಸ್. ಇದು ಶೇಕಡಾವಾರು ಪಾಲು. ಬಿಲ್ಲು ಬೆಳೆದಂತೆ ಇದೂ ಬೆಳೆಯುತ್ತದೆ. ನಮ್ಮ ದೇಶದ ಪಾಲಿಸಿಗಳಲ್ಲಿ ಶೇಕಡಾವಾರು ಪಾಲನ್ನೂ ಕೋ-ಪೇ ಎಂದೇ ಕರೆಯುತ್ತಾರೆ. ಆದ್ದರಿಂದ ಹೆಸರನ್ನು ನೋಡದೆ ಲೆಕ್ಕವನ್ನು ನೋಡಬೇಕು.

ಒಂದು ಲೆಕ್ಕ ಮಾಡೋಣ. ಅಮೆರಿಕದಲ್ಲಿರುವ ಒಬ್ಬರ ಪಾಲಿಸಿಯಲ್ಲಿ ಡಿಡಕ್ಟಿಬಲ್ 1,000 ಡಾಲರ್, ಆಮೇಲೆ ಶೇ 20 ಪಾಲು ಎಂದಿರಲಿ. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ 30,000 ಡಾಲರ್ ಬಿಲ್ಲಾಯಿತು ಎಂದುಕೊಳ್ಳೋಣ. ಮೊದಲ 1,000 ರೋಗಿಯದು. ಉಳಿದ 29,000ದಲ್ಲಿ ಶೇ 20, ಅಂದರೆ 5,800. ಒಟ್ಟು 6,800 ಡಾಲರ್. ಅದೇ ಪಾಲಿಸಿಯಲ್ಲಿ ‘ರೋಗಿಯ ಖರ್ಚು ವರ್ಷಕ್ಕೆ 5,000 ಡಾಲರ್ ಮೀರುವಂತಿಲ್ಲ’ ಎಂಬ ಸಾಲು ಇದ್ದರೆ, ಕೊಡಬೇಕಾದದ್ದು 5,000 ಮಾತ್ರ. ಬಿಲ್ಲು 30,000ದ ಬದಲು 3 ಲಕ್ಷ ಡಾಲರ್ ಆದರೆ? ಆ ಸಾಲು ಇದ್ದವನಿಗೆ ಆಗಲೂ 5,000. ಇಲ್ಲದವನಿಗೆ 60,800. ಶೇ 20 ಎಂಬ ಅಂಕಿ ಎರಡು ಕಡೆಯೂ ಒಂದೇ. ಮನೆ ಉಳಿಸಿದ್ದು ಆ ಒಂದು ಸಾಲು.

ಕೆರೆಗೆ ಕೋಡಿ

ಚನ್ನಗಿರಿ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ಸೂಳೆಕೆರೆಯನ್ನು ನೆನೆದರೆ ಸಾಕು. ಶಾಂತಿಸಾಗರ ಎಂದೂ ಕರೆಯುವ ಆ ದೊಡ್ಡ ಕೆರೆಯಷ್ಟೇ ಅಲ್ಲ, ನಮ್ಮ ಯಾವ ಹಳೆಯ ಕೆರೆಯನ್ನು ನೋಡಿದರೂ ಕಟ್ಟಿದವರು ಏರಿಯ ಜೊತೆಗೆ ಕೋಡಿಯನ್ನೂ ಯೋಚಿಸಿದ್ದಾರೆ. ಒಂದು ಮಟ್ಟದವರೆಗೆ ನೀರಿನ ಭಾರವನ್ನು ಏರಿ ಹೊರುತ್ತದೆ. ಆ ಮಟ್ಟ ದಾಟಿದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಏರಿ ಎಷ್ಟೇ ಗಟ್ಟಿಯಿರಲಿ, ಕೋಡಿಯಿಲ್ಲದಿದ್ದರೆ ಒಂದು ಜೋರು ಮಳೆಗೆ ಒಡೆಯುತ್ತದೆ. ಆಸ್ಪತ್ರೆಯ ಬಿಲ್ಲು ನೀರು, ಕುಟುಂಬದ ಗಳಿಕೆ ಏರಿ, ರೋಗಿಯ ಪಾಲಿಗೆ ಹಾಕಿದ ಮಿತಿಯೇ ಕೋಡಿ.

ಈ ಕೋಡಿಯನ್ನು ಒಂದೊಂದು ದೇಶ ಒಂದೊಂದು ಎತ್ತರದಲ್ಲಿ ಇಟ್ಟಿದೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯ ಮೇರೆಗೆ 2014ರಿಂದ ಬಹುತೇಕ ಪಾಲಿಸಿಗಳಿಗೆ ಕೋಡಿ ಕಡ್ಡಾಯವಾಯಿತು. ಮೊದಲ ವರ್ಷ ಒಬ್ಬರಿಗೆ 6,350 ಡಾಲರ್ ಇದ್ದ ಗರಿಷ್ಠ ಮಟ್ಟ 2025ರಲ್ಲಿ 9,200 ಡಾಲರಿಗೆ, ಕುಟುಂಬಕ್ಕೆ 18,400 ಡಾಲರಿಗೆ ಏರಿತ್ತು. ಕೋಡಿ ಇದೆ, ಆದರೆ ಎತ್ತರದಲ್ಲಿದೆ. ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಆಸ್ಪತ್ರೆಗೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ. ಎಲ್ಲ ಪಾಲೂ ಸೇರಿ ಕುಟುಂಬದ ವಾರ್ಷಿಕ ಆದಾಯದ ಶೇ 2ನ್ನು, ದೀರ್ಘಕಾಲದ ಕಾಯಿಲೆಯವರಾದರೆ ಶೇ 1ನ್ನು ಮೀರುವುದಿಲ್ಲ. ಬಡವನ ಏರಿ ಗಿಡ್ಡದು ಎಂದು ತಿಳಿದು ಕೋಡಿಯನ್ನೂ ತಗ್ಗಿಸಿದ್ದಾರೆ. ಬ್ರಿಟನ್ನಿನದು ಇನ್ನೊಂದು ರೀತಿ. ವೀಸಾ ಪಡೆಯುವಾಗಲೇ ಆರೋಗ್ಯದ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. 2024ರ ಫೆಬ್ರುವರಿಯಲ್ಲಿ ಅದನ್ನು ವರ್ಷಕ್ಕೆ 1,035 ಪೌಂಡಿಗೆ, ವಿದ್ಯಾರ್ಥಿಗಳಿಗೆ 776 ಪೌಂಡಿಗೆ ಏರಿಸಲಾಯಿತು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದರೆ ಬಿಲ್ಲಿನ ಗೋಜಿಲ್ಲ. ಅಲ್ಲಿ ವಂತಿಗೆ ದೊಡ್ಡದು, ಪಾಲು ಚಿಕ್ಕದು.

ಕೊಲ್ಲಿಯ ಕಡೆ ದುಬೈನ ಉದಾಹರಣೆ ಹೆಚ್ಚು ಕಲಿಸುತ್ತದೆ. 2013ರ ಕಾನೂನಿನ ಪ್ರಕಾರ ಅಲ್ಲಿ ಕೆಲಸಗಾರನ ಆರೋಗ್ಯ ವಿಮೆಯ ಕಂತನ್ನು ಮಾಲೀಕನೇ ಕಟ್ಟಬೇಕು, ಸಂಬಳದಲ್ಲಿ ಹಿಡಿಯುವಂತಿಲ್ಲ. ಕಡಿಮೆ ಸಂಬಳದವರಿಗಾಗಿ ಗೊತ್ತುಮಾಡಿದ ಮೂಲ ಪಾಲಿಸಿಯಲ್ಲಿ, ಒಳರೋಗಿಯಾಗಿ ಸೇರಿದರೆ ಶೇ 20 ಪಾಲು, ಆದರೆ ಒಂದು ಸಲಕ್ಕೆ 500 ದಿರ್ಹಂ, ವರ್ಷಕ್ಕೆ 1,000 ದಿರ್ಹಂ ಮೀರುವಂತಿಲ್ಲ. 40,000 ದಿರ್ಹಂ ಬಿಲ್ಲಾದರೆ ಶೇ 20ರ ಲೆಕ್ಕಕ್ಕೆ 8,000 ಆಗುತ್ತದೆ. ಕೋಡಿ ಇರುವುದರಿಂದ ಕೂಲಿಯವನು ಕೊಡುವುದು 500. ಒಳ್ಳೆಯ ಕೋಡಿ.

ಅದೇ ಪಾಲಿಸಿಯ ಔಷಧಿಯ ಪುಟಕ್ಕೆ ಬಂದರೆ ಮಾತು ತಿರುಗುತ್ತದೆ. ಯೋಜನೆ ಶುರುವಾದಾಗಿನ ನಿಯಮದಲ್ಲಿ ಔಷಧಿಗೆ ಶೇ 30 ಪಾಲು, ಜೊತೆಗೆ ವರ್ಷಕ್ಕೆ 1,500 ದಿರ್ಹಂ ಮಿತಿ ಇತ್ತು. ಈ ಮಿತಿ ರೋಗಿಯ ಪಾಲಿಗೆ ಹಾಕಿದ್ದಲ್ಲ, ಆ ಪಾಲೂ ಸೇರಿದಂತೆ ಔಷಧಿಯ ಒಟ್ಟು ಬೆಲೆಗೆ ಹಾಕಿದ್ದು. ಸಕ್ಕರೆ ಕಾಯಿಲೆಯವರಿಗೆ ತಿಂಗಳಿಗೆ 200 ದಿರ್ಹಂ ಮಾತ್ರೆ ಬೇಕು ಎಂದುಕೊಂಡರೆ ವರ್ಷಕ್ಕೆ 2,400. ಮೊದಲ 1,500ರಲ್ಲಿ ಶೇ 30, ಅಂದರೆ 450 ರೋಗಿಯದು; ಮಿತಿಯ ಮೇಲಿನ 900 ಪೂರ್ತಿ ರೋಗಿಯದು. ಒಟ್ಟು 1,350, ಅರ್ಧಕ್ಕಿಂತ ಹೆಚ್ಚು! ಒಂದೇ ಕಾಗದದಲ್ಲಿ ಎರಡು ಮಿತಿ: ಒಂದು ರೋಗಿಯನ್ನು ಕಾಯುತ್ತದೆ, ಇನ್ನೊಂದು ಕಂಪನಿಯನ್ನು ಕಾಯುತ್ತದೆ. ‘ಮಿತಿ’ ಎಂಬ ಪದ ಕಂಡಾಗಲೆಲ್ಲ ಅದು ಯಾರ ಮಿತಿ ಎಂದು ಕೇಳಬೇಕಾದದ್ದು ಇದಕ್ಕೇ.

ಕೊಡೆಯ ಹೊರಗಿನವರು

ಕೂಲಿಗಾಗಿ ಕೊಲ್ಲಿಗೆ ಹೋಗುವವರಿಗೆ ಭಾರತ ಸರ್ಕಾರದ್ದೂ ಒಂದು ವಿಮೆ ಇದೆ. 2003ರಲ್ಲಿ ಶುರುವಾದ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’. ಹತ್ತನೇ ತರಗತಿ ಮುಗಿಸದವರು ಸಾಮಾನ್ಯವಾಗಿ ಪಡೆಯುವ ಬಗೆಯ ಪಾಸ್‌ಪೋರ್ಟ್ ಇದ್ದು, ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವವರು ವಲಸೆ ಅನುಮತಿ ಪಡೆಯುವಾಗ ಇದನ್ನು ಮಾಡಿಸಲೇಬೇಕು. 2017ರ ತಿದ್ದುಪಡಿಯಲ್ಲಿ ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಎಂದಾಯಿತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಚಿಕಿತ್ಸೆಗೆ ಮಾತ್ರ 1 ಲಕ್ಷ, ಅದೂ ಒಂದು ಸಲ ಆಸ್ಪತ್ರೆ ಸೇರಿದರೆ 50,000ದವರೆಗೆ. ಅಗ್ಗದ ಕಂತಿಗೆ ಇದು ದೊಡ್ಡ ಉಪಕಾರವೇ. ಆದರೆ ಇಲ್ಲಿನ ಮಿತಿ ಕೊಡುವವರ ಮಿತಿ. ಅದರಾಚೆಯ ಖರ್ಚಿಗೆ ಅಲ್ಲಿನ ಮಾಲೀಕನ ವಿಮೆ ಇರಬೇಕು, ಇಲ್ಲವೇ ಸ್ವಂತ ಕೈ.

ಆ 18 ದೇಶಗಳ ಪಟ್ಟಿಯಲ್ಲಿ ಸುಡಾನ್ ಕೂಡ ಇದೆ. ಹಾಗೆಂದು ಎಣ್ಣೆ ಮಾರಲು ಹೋಗುವ ಹಕ್ಕಿಪಿಕ್ಕಿಯವರಿಗೆ ಯೋಜನೆ ತಾನಾಗಿ ಒದಗುವುದಿಲ್ಲ. ಅದನ್ನು ಹೆಣೆದಿರುವುದು ಮಾಲೀಕನ ಕೈಕೆಳಗೆ ಕೆಲಸಕ್ಕೆ ಹೋಗುವವರಿಗೆ. ತಾವೇ ಸರಕು ಹೊತ್ತು ವ್ಯಾಪಾರಕ್ಕೆ ಹೋಗುವವರಿಗೆ ಮಾಲೀಕನಿಲ್ಲ, ಮಾಲೀಕನ ವಿಮೆಯೂ ಇಲ್ಲ. ಪ್ರವಾಸಿ ವಿಮೆ ಕೊಂಡುಕೊಂಡರೂ ಯುದ್ಧದಿಂದಾದ ಹಾನಿಯನ್ನು ಹೊರಗಿಡುವುದು ಅಂಥ ಪಾಲಿಸಿಗಳ ವಾಡಿಕೆ. 1972ರ ವನ್ಯಜೀವಿ ಕಾಯ್ದೆಯ ನಂತರ ಹಕ್ಕಿ ಹಿಡಿಯುವ ಕಸುಬು ಬಿಟ್ಟು ಖಂಡಾಂತರ ವ್ಯಾಪಾರ ಕಲಿತ ಈ ಸಮುದಾಯದ ಧೈರ್ಯಕ್ಕೆ ತಕ್ಕ ಕೊಡೆಯನ್ನು ಯಾರೂ ಇನ್ನೂ ಹೊಲಿದಿಲ್ಲ. ಅವರ ಪಾಲು ನೂರಕ್ಕೆ ನೂರು.

ಅಪ್ಪ ಅಮ್ಮನ ವಿಮೆ

ಕೊಡೆಯಂಚಿನಲ್ಲಿ ನಿಲ್ಲುವ ಇನ್ನೊಂದು ಗುಂಪು ತಂದೆತಾಯಿಯರದು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಹೊನ್ನಾಳಿಯ ದಂಪತಿಗೆ ಮಗಳ ಕಂಪನಿಯ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ‘ವಿಸಿಟರ್’ ವಿಮೆ ಕೊಳ್ಳಬೇಕು. ಅದಕ್ಕೆ ಅಮೆರಿಕದ ಕಾಯ್ದೆಯ ಕೋಡಿ ಕಡ್ಡಾಯವಲ್ಲ. ಅಗ್ಗದ ಪಾಲಿಸಿಗಳು ‘ಹಾಸಿಗೆಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು’ ಎಂದು ಗೊತ್ತಾದ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತವೆ, ಉಳಿದದ್ದು ರೋಗಿಯದು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬಹಳಷ್ಟು ಪಾಲಿಸಿಗಳಲ್ಲಿ ಪಟ್ಟಿಯ ಹೊರಗೆ. ಅರವತ್ತು ದಾಟಿದವರಿಗೆ ಬೇಕಾದದ್ದೇ ಅಲ್ಲಿ ಸಿಗುವುದಿಲ್ಲ!

ಊರಲ್ಲೇ ಉಳಿದ ತಂದೆತಾಯಿಗೆ ಹೊರದೇಶದ ಮಕ್ಕಳು ಇಲ್ಲಿನ ಪಾಲಿಸಿ ಮಾಡಿಸುತ್ತಾರೆ. ಅದರ ಗುಟ್ಟು ಬೇರೆ. 2020ರಲ್ಲಿ ವಿಮಾ ಪ್ರಾಧಿಕಾರ ರೂಪಿಸಿದ ‘ಆರೋಗ್ಯ ಸಂಜೀವಿನಿ’ ಎಂಬ ಮಾದರಿ ಪಾಲಿಸಿಯನ್ನೇ ನೋಡೋಣ. ಅದರಲ್ಲಿ ಶೇ 5 ಕೋ-ಪೇ, ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇ 2, ಗರಿಷ್ಠ ದಿನಕ್ಕೆ 5,000 ರೂಪಾಯಿ. ಶೇ 5 ಏನು ಮಹಾ ಎಂದು ಯಾರಿಗೂ ಅನ್ನಿಸುತ್ತದೆ. ಮಗ ದುಬೈನಿಂದ ಫೋನಿನಲ್ಲಿ ‘ಒಳ್ಳೆಯ ರೂಮೇ ತಗೊಳ್ಳಿ ಅಪ್ಪಾಜಿ’ ಎನ್ನುತ್ತಾನೆ. 3 ಲಕ್ಷದ ಪಾಲಿಸಿ ಇಟ್ಟುಕೊಂಡು ನಾಲ್ಕು ದಿನ 8,000ದ ಕೊಠಡಿಯಲ್ಲಿ ಇದ್ದರು ಎನ್ನೋಣ. ಕೊಠಡಿಗೆ 32,000, ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ಶುಲ್ಕ 80,000, ಔಷಧಿ 40,000, ಒಟ್ಟು 1,52,000. ಕೊಠಡಿ ಮಿತಿ ಮೀರಿದ್ದರಿಂದ ವಿಮೆಯವರು ಬಾಡಿಗೆಯನ್ನಷ್ಟೇ ಅಲ್ಲ, ಅದಕ್ಕೆ ಅಂಟಿದ ಶುಲ್ಕಗಳನ್ನೂ ಎಂಟಕ್ಕೆ ಐದರಂತೆ ತಗ್ಗಿಸುತ್ತಾರೆ. 32,000 ಇಳಿದು 20,000, 80,000 ಇಳಿದು 50,000. ಔಷಧಿ ಮಾತ್ರ ಹಾಗೇ 40,000. ಒಪ್ಪಿದ್ದು 1,10,000. ಅದರಲ್ಲಿ ಶೇ 5 ಕಳೆದು ಕೊಡುವುದು 1,04,500. ಮನೆಯವರು ಕಟ್ಟಬೇಕಾದದ್ದು 47,500. ಇದರಲ್ಲಿ ಶೇ 5ರ ಪಾಲು 5,500 ಮಾತ್ರ. ಮಿಕ್ಕ 42,000 ಆ ಒಳ್ಳೆಯ ಕೊಠಡಿಯದು.

ಸರ್ಕಾರದ ಯೋಜನೆಯಲ್ಲೂ ಪಾಲು ಇದೆ. 2018ರಲ್ಲಿ ಜಾರಿಗೆ ಬಂದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಮೇಲಿನವರಿಗೆ ಗೊತ್ತಾದ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದವರೆಗೆ, ಶೇ 70 ರೋಗಿಯದೇ. ‘ನಮಗೂ ಕಾರ್ಡ್ ಇದೆ’ ಎಂದು ನೆಮ್ಮದಿಯಾಗಿರುವವರು ಅದು ಯಾವ ಕಾರ್ಡ್ ಎಂದು ಒಮ್ಮೆ ನೋಡಿಕೊಳ್ಳಬೇಕು.

ಕೇಳಬೇಕಾದ ಪ್ರಶ್ನೆಗಳು

ಇಷ್ಟೆಲ್ಲ ಲೆಕ್ಕದ ಸಾರ ಚಿಕ್ಕದು. ಪಾಲಿಸಿ ಮಾರುವವರು ಮೊದಲು ಹೇಳುವುದು ಎಷ್ಟು ಲಕ್ಷದ ವಿಮೆ ಎಂದು. ಕೊಳ್ಳುವವರು ಮೊದಲು ಕೇಳಬೇಕಾದದ್ದು ಬೇರೆ. ವರ್ಷದಲ್ಲಿ ಎಷ್ಟೇ ದೊಡ್ಡ ಕಾಯಿಲೆ ಬಂದರೂ ತನ್ನ ಪಾಲು ಎಲ್ಲಿಗೆ ನಿಲ್ಲುತ್ತದೆ? ಆ ಮಿತಿಯೊಳಗೆ ಡಿಡಕ್ಟಿಬಲ್ಲೂ ಔಷಧಿಯೂ ಸೇರಿವೆಯೇ? ಪಟ್ಟಿಯ ಹೊರಗಿರುವ ಕಾಯಿಲೆ ಯಾವುದು? ಕಂಪನಿಯ ಒಪ್ಪಂದ ಯಾವ ಆಸ್ಪತ್ರೆಗಳ ಜೊತೆಗಿದೆ, ಬೇರೆ ಕಡೆ ಹೋದರೆ ಪಾಲು ಎಷ್ಟು ಏರುತ್ತದೆ? ಕಡಿಮೆ ಕಂತಿನ ಪಾಲಿಸಿ ಎಂದರೆ ಬಹುತೇಕ ಹೆಚ್ಚು ಪಾಲಿನ ಪಾಲಿಸಿಯೇ. ಗಟ್ಟಿಮುಟ್ಟಾದ ತರುಣನಿಗೆ ಅದು ಲಾಭವೂ ಆಗಬಹುದು. ದಿನಾ ಮಾತ್ರೆ ನುಂಗುವವರಿಗೆ ನಷ್ಟ. ಡಿಡಕ್ಟಿಬಲ್‌ನಷ್ಟು ಹಣವನ್ನು ಬೇರೆಯಾಗಿ ತೆಗೆದಿಟ್ಟವರಿಗೆ ಮಾತ್ರ ದೊಡ್ಡ ಡಿಡಕ್ಟಿಬಲ್ ಸಲ್ಲುತ್ತದೆ.

ಮುಯ್ಯಾಳು ಕಳಿಸುತ್ತಿದ್ದ ಊರಿನಲ್ಲಿ ಪಾಲಿನ ಮಿತಿಯನ್ನು ಯಾರೂ ಬರೆದಿಡಬೇಕಾಗಿರಲಿಲ್ಲ. ಯಾವ ಮನೆ ಎಷ್ಟು ತಾಳಬಲ್ಲದು ಎಂದು ಎಲ್ಲರಿಗೂ ಗೊತ್ತಿತ್ತು. ತಾಳಲಾರದ ಮನೆಯ ಭಾರವನ್ನು ನೆರೆಯವರು ಹೊತ್ತುಕೊಳ್ಳುತ್ತಿದ್ದರು. ಊರು ಬಿಟ್ಟು ಹೋದವರ ನೆರೆಯವರು ಈಗ ಒಂದು ಕಂಪನಿ, ಆ ನೆರೆಯವರಿಗೆ ಮುಖವಿಲ್ಲ, ಕಾಗದವಷ್ಟೇ ಇದೆ. ಆದ್ದರಿಂದ ಆ ಕಾಗದದಲ್ಲಿ ಕೋಡಿ ಎಲ್ಲಿದೆ ಎಂದು ಮಳೆಗಾಲಕ್ಕೆ ಮುಂಚೆಯೇ, ಅಂದರೆ ವಿಮಾನ ಹತ್ತುವ ಮುಂಚೆಯೇ, ಹುಡುಕಿ ನೋಡಿಕೊಳ್ಳುವುದು ಲೇಸು.